ಪೂಜೆಗಿಟ್ಟ ಪೆಟ್ಟಿಗೆ

"ಈ ಡಬ್ಬಿ ಹೋದ ಹಾಗೇ ತುಂಬ್ಕೊಂಡು ವಾಪಸ್ ಬಂದಿದೆಯಲ್ಲ, ಹಾಗಾದ್ರೆ ಈ ಹುಡುಗ ಏನು ತಿಂದು ಜೀವ ಹಿಡ್ಕೊಂಡಿದಾನೆ?"

ಶೇಷಮ್ಮ ಇದನ್ನು ಯಾರನ್ನೂ ಕೇಳಿದ್ದಲ್ಲ. ಅಡಿಗೆಮನೆಯಲ್ಲಿ ಅವರನ್ನು ಬಿಟ್ಟರೆ ನರಪಿಳ್ಳೆ ಇರಲಿಲ್ಲ. ಸೊಸೆ ನೀಲಾ ಹಲ್ಲಿನ ಡಾಕ್ಟರ ಆಫೀಸಿನಲ್ಲಿ ಇನ್ಶೂರೆನ್ಸ್ ಕಾಗದ ನೋಡುವ ಕೆಲಸ ಮುಗಿಸಿ ಬರುವುದು ಐದೂವರೆಗೆ. ಮಗ ನರಹರಿ ಚಾಟ್ಸ್‌ವರ್ತಿನ ತನ್ನ ಮೆಷಿನ್ ಶಾಪಿಗೆ ಬಾಗಿಲು ಹಾಕಿ, ಫ್ರೀವೇಯಲ್ಲಿ ತೆವಳಿಕೊಂಡು ಸೆರಿಟೋಸಿನ ಮನೆ ಮುಟ್ಟುವ ಹೊತ್ತಿಗೆ ಏಳು ದಾಟಿರುತ್ತಿತ್ತು. ಮೊಮ್ಮಗ ವಿಕಾಸ್ ಶಾಲೆಯಿಂದ ಬಂದವನೇ ಊಟದ ಡಬ್ಬಿಯನ್ನು ಸಿಂಕಿನ ಪಕ್ಕ ಕುಕ್ಕಿ, ಕೋಣೆ ಸೇರಿ ಬಾಗಿಲು ಮುಚ್ಚಿಕೊಂಡಿದ್ದ.

ಚಿತ್ರಾನ್ನ ಬೆಳಿಗ್ಗೆ ಒತ್ತಿ ತುಂಬಿದ ಹಾಗೇ ಇತ್ತು. ಚಮಚದ ಗುರುತೂ ಬಿದ್ದಿರಲಿಲ್ಲ. ಸಂಕ್ರಾಂತಿಯಿಂದೀಚೆಗೆ ಇದೇ ಕಥೆ. ಹದಿನೇಳು ವರ್ಷ, ಕಲ್ಲು ತಿಂದು ಕರಗಿಸುವ ವಯಸ್ಸು. ಆ ಹುಡುಗ ಮೊದಲು ಆಟ ಬಿಟ್ಟ, ಆಮೇಲೆ ಸ್ನೇಹಿತರನ್ನು ಬಿಟ್ಟ, ಆಮೇಲೆ ನಿದ್ದೆ ಬಿಟ್ಟ, ಈಗ ಊಟ. "ಏನಾಗಿದೆಯೋ ಮಗು?" ಎಂದು ಕೇಳಿದರೆ "ನಥಿಂಗ್ ಅಜ್ಜಿ" ಎನ್ನುತ್ತಿದ್ದ. ಶೇಷಮ್ಮನಿಗೆ ಇಂಗ್ಲಿಷ್ ಬರುತ್ತಿದ್ದದ್ದು ಅಷ್ಟಕ್ಕಷ್ಟೆ. ಆದರೆ ಚಿಕ್ಕಂದಿನಲ್ಲಿ ಅಪ್ಪ ಜಗುಲಿಯಲ್ಲಿ ಕೂತು ಕಾವ್ಯ ಓದುವಾಗ ಕಂಬಕ್ಕೊರಗಿ ಕೇಳಿದ ಕಿವಿ ಅದು. ಮಾತಿನ ಅರ್ಥಕ್ಕಿಂತ ಮೊದಲು ದನಿ ಅದಕ್ಕೆ ತಿಳಿಯುತ್ತಿತ್ತು. ಈ "ನಥಿಂಗ್" ಬಾವಿಯ ತಳದಿಂದ ಬರುತ್ತಿತ್ತು.

ಅದು ಎರಡು ಸಾವಿರದ ಏಳರ ಏಪ್ರಿಲ್. ಅದೇ ವಾರ ದೇಶದ ಇನ್ನೊಂದು ತುದಿಯಲ್ಲಿ, ವರ್ಜೀನಿಯಾದ ಕಾಲೇಜೊಂದರಲ್ಲಿ, ಓದುವ ಹುಡುಗನೊಬ್ಬ ಮೂವತ್ತೆರಡು ಜನರನ್ನು ಗುಂಡಿಟ್ಟು ಕೊಂದು ತಾನೂ ಸತ್ತ. ಟಿವಿ ಹಾಕಿದರೆ ಅವನದೇ ಮುಖ. ಏಷ್ಯಾದ ಹುಡುಗ, ಮಾತು ಕಡಿಮೆ, ಯಾರ ಜೊತೆಗೂ ಸೇರುತ್ತಿರಲಿಲ್ಲ ಎಂದು ಮತ್ತೆ ಮತ್ತೆ ಹೇಳಿದರು. ಕೋಟು ಹಾಕಿದ ಒಬ್ಬ, ಮೇಷ್ಟರುಗಳ ಕೈಗೂ ಬಂದೂಕು ಕೊಡಿ ಎಂದು ಅರಚಿದ. ಇನ್ನೊಬ್ಬ, ಯಾರ ಕೈಗೂ ಕೊಡಬೇಡಿ ಎಂದ. ಮೂರನೆಯವನು ತಲೆ ಕೆಟ್ಟವರನ್ನೆಲ್ಲ ಪಟ್ಟಿ ಮಾಡಿ ಎಂದ. ಕೋಲು ಎಷ್ಟುದ್ದ ಇರಬೇಕೆಂದು ಊರೆಲ್ಲ ಜಗಳವಾಡುತ್ತಿತ್ತು, ಹಾವು ಕಚ್ಚಿದವನನ್ನು ಮಾತ್ರ ಕೇಳುವವರಿರಲಿಲ್ಲ.

ಹತ್ತು ದಿನ ಕಳೆದು ಆ ಜಗಳ ಇವರ ಮನೆಯ ಊಟದ ಮೇಜಿಗೇ ಬಂದು ಕೂತಿತು.

ಅವತ್ತು ಶಾಲೆಯವರು ನರಹರಿಯನ್ನೂ ನೀಲಾಳನ್ನೂ ಕರೆಸಿದ್ದರು. ರಾತ್ರಿ ಊಟಕ್ಕೆ ಕೂತಾಗ ನೀಲಾ ಅನ್ನಕ್ಕೆ ಕೈ ಹಾಕದೆ ಹೇಳಿದಳು: "ಇಂಗ್ಲಿಷ್ ಕ್ಲಾಸಲ್ಲಿ ಏನೋ ಬರೆಯೋಕೆ ಹೇಳಿದ್ರಂತೆ ಅತ್ತೆ. ಇವನು ತಾನಿಲ್ಲದ ಒಂದು ಬೆಳಿಗ್ಗೆ ನಮ್ಮನೆ ಹೇಗಿರುತ್ತೆ ಅಂತ ಬರೆದಿದಾನೆ. ನೀವು ದೇವರಿಗೆ ದೀಪ ಹಚ್ತೀರಂತೆ, ನಾನು ಕಾರ್ ಕೀ ಹುಡುಕ್ತೀನಂತೆ, ತೊಳೆಯೋಕೆ ಒಂದು ಡಬ್ಬಿ ಕಮ್ಮಿ ಇರುತ್ತಂತೆ. ಇವನು ಬರೆದಿರೋದು ಮನೆ ಬಗ್ಗೆ. ಅವರು ಓದಿರೋದು ಶಾಲೆ ಬಗ್ಗೆ! ಬ್ಯಾಗ್ ಬಿಚ್ಚಿಸಿದ್ರು, ಲಾಕರ್ ತೆಗೆಸಿದ್ರು. ಸಿಕ್ಕಿದ್ದೇನು ಗೊತ್ತಾ? ನೀವು ಕಟ್ಟಿಕೊಟ್ಟ ಕೋಡುಬಳೆ. ಬೂಸಲು ಬಂದಿತ್ತು."

"ಡಾಕ್ಟರ ಚೀಟಿ ತರೋ ತನಕ ಶಾಲೆಗೆ ಬರಬಾರದಂತೆ," ಎಂದ ನರಹರಿ. "ಒಂದು ಪ್ರಬಂಧಕ್ಕೆ!"

"ಅದಿರಲಿ. ಆಯಮ್ಮ ಕೌನ್ಸೆಲರ್ ಕೇಳಿದ್ರಲ್ಲ, ಮನೇಲಿ ಗನ್ ಇದೆಯಾ ಅಂತ. ಇಲ್ಲ ಅಂದ್ರಲ್ಲ ರೀ ನೀವು. ಕಣ್ಣು ಮಿಟುಕಿಸದೆ."

"ಮತ್ತೇನನ್ನಬೇಕಿತ್ತು? ಇದೆ ಅಂದಿದ್ರೆ ಸಂಜೆ ನ್ಯೂಸಲ್ಲಿ ನಮ್ಮನೆ ತೋರಿಸ್ತಿದ್ರು. ಮಾತಾಡದ ಇಂಡಿಯನ್ ಹುಡುಗ, ಅವನಪ್ಪನ ಹತ್ರ ಗನ್. ಅಷ್ಟು ಸಾಕಲ್ಲ ಅವರಿಗೆ, ಸುಟ್ಟು ತಿನ್ನೋಕೆ."

ಶೇಷಮ್ಮ ಸಾರಿನ ಸೌಟು ಹಿಡಿದು ನಿಂತುಬಿಟ್ಟರು. "ಯಾವ ಬಂದೂಕೋ?"

"ಹೋದ ವರ್ಷ ಶಾಪ್‌ಗೆ ಕಳ್ಳರು ನುಗ್ಗಿದ್ರಲ್ಲ ಅಮ್ಮ, ಆಗ ತಗೊಂಡಿದ್ದು. ಭದ್ರವಾಗಿದೆ. ನೀನು ಸಾರು ಬಡಿಸು."

ಭದ್ರವಾಗಿದೆ ಎಂದರೆ ಶಾಪಿನಲ್ಲಿದೆ ಎಂದು ಅತ್ತೆ ಸೊಸೆ ಇಬ್ಬರೂ ತಿಳಿದರು. ವಿಕಾಸ್ ಮೇಜಿನ ತುದಿಯಲ್ಲಿ ಕೂತು ಅಪ್ಪನನ್ನೇ ನೋಡುತ್ತಿದ್ದ. ತಟ್ಟೆಯ ಮೇಲೆ ಅನ್ನವನ್ನು ಬೆರಳಿನಿಂದ ಎರಡು ಭಾಗ ಮಾಡಿ, ಎರಡನ್ನೂ ಮುಟ್ಟದೆ ಎದ್ದುಹೋದ.

ಮರುದಿನದಿಂದ ನೀಲಾಳ ಫೋನಿನ ಪಾರಾಯಣ ಶುರುವಾಯಿತು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಫೋನು, ಮನೆಗೆ ಬಂದು ಚಪಾತಿ ಲಟ್ಟಿಸುತ್ತಾ ಕುತ್ತಿಗೆಗೆ ಸಿಕ್ಕಿಸಿಕೊಂಡು ಫೋನು. ಆ ಕಡೆಯಿಂದ ಅರ್ಧ ಗಂಟೆ ಕಾಯಿಸುತ್ತಾ ಬರೀ ಪಿಟೀಲು. ಮನುಷ್ಯರ ದನಿ ಕೇಳಿದರೆ, ಆ ಡಾಕ್ಟರು ನಿಮ್ಮ ಇನ್ಶೂರೆನ್ಸ್ ಪ್ಲಾನಿನಲ್ಲಿ ಇಲ್ಲ. ಇರುವ ಡಾಕ್ಟರು ಹೊಸಬರನ್ನು ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳುವ ಒಬ್ಬ ಪುಣ್ಯಾತ್ಮನಿಗೆ ಜೂನ್ ಕೊನೆಯ ತನಕ ಪುರುಸೊತ್ತಿಲ್ಲ.

ಒಂದು ಸಂಜೆ ಅವಳು ಲಟ್ಟಣಿಗೆಯನ್ನು ಕಟ್ಟೆಯ ಮೇಲೆ ಕುಕ್ಕಿದಳು. "ಎಂಟು ವಾರ ಅತ್ತೆ! ನಮ್ಮ ಆಫೀಸಲ್ಲಿ ಹಲ್ಲು ಮುರ್ಕೊಂಡು ಬಂದವನನ್ನ ಅರ್ಧ ಗಂಟೇಲಿ ಕುರ್ಚಿ ಮೇಲೆ ಕೂರಿಸ್ತೀವಿ. ಗನ್ ತಗೊಳ್ಳೋಕೆ ನಿಮ್ಮ ಮಗ ಕಾದಿದ್ದು ಹತ್ತೇ ಹತ್ತು ದಿನ. ಅಂಗಡಿಯವನೇ ಫೋನ್ ಮಾಡಿ, ಸಾರ್ ನಿಮ್ಮದು ರೆಡಿ, ಬನ್ನಿ ಅಂದ. ಹುಡುಗನ ಮನಸ್ಸು ಮುರಿದಿದೆ ಅಂದ್ರೆ ಎಂಟು ವಾರ. ಯಾವ ಧರ್ಮ ಇದು?"

ಶೇಷಮ್ಮ ಸೀದು ಹೋಗುತ್ತಿದ್ದ ಚಪಾತಿಯನ್ನು ಮಗುಚಿದರು.

ಆ ಭಾನುವಾರ ಸ್ಯಾನ್ ಡಿಯೇಗೋದಲ್ಲಿ ಓದುತ್ತಿದ್ದ ಮೊಮ್ಮಗಳು ಸಿಂಧೂರ ಮನೆಗೆ ಬಂದಳು. ಅವಳ ಹಿಂದೆಯೇ ಉಮಾಶಂಕರ ಬಂದರು. ನರಹರಿಗಿಂತ ಮೊದಲೇ ಈ ದೇಶಕ್ಕೆ ಬಂದವರು, ಕನ್ನಡ ಮಕ್ಕಳ ಭಾನುವಾರದ ಪಾಠಶಾಲೆ ನಡೆಸುವವರು. ಅಲ್ಲಿ ವಿಕಾಸ್ ಮೂರು ವರ್ಷದಿಂದ ಚಿಕ್ಕ ಮಕ್ಕಳ ಹಾಡಿಗೆ ಹಾರ್ಮೋನಿಯಂ ನುಡಿಸುತ್ತಿದ್ದ.

ಉಮಾಶಂಕರ ಒಗ್ಗರಣೆ ಅವಲಕ್ಕಿ ತಿಂದು, ಕೈ ಒರೆಸಿಕೊಂಡು ಬುದ್ಧಿಮಾತಿಗೆ ಕೂತರು. "ನೋಡಿ ನರಹರಿ, ಈ ಡಿಪ್ರೆಶನ್ನು ಗಿಪ್ರೆಶನ್ನು ಎಲ್ಲ ಇಲ್ಲಿಯವರ ಕಾಯಿಲೆ. ನಮಗೆ ಪುರುಸೊತ್ತೆಲ್ಲಿತ್ತು ಅದಕ್ಕೆಲ್ಲ? ಹುಡುಗನನ್ನ ಮಾಲಿಬು ದೇವಸ್ಥಾನಕ್ಕೆ ನಾಲ್ಕು ವಾರ ಕರ್ಕೊಂಡು ಹೋಗಿ. ಡಾಕ್ಟರ ಹತ್ರ ಒಂದು ಸಲ ಕಾಯಿಲೆ ಅಂತ ಬರೆಸಿದ್ರೆ ಹಣೆಬರಹ ಆಗ್ಬಿಡುತ್ತೆ. ಮನೇಲಿ ಮದುವೆಗೆ ಬಂದ ಹುಡುಗಿ ಬೇರೆ ಇದಾಳೆ."

"ಅಂಕಲ್," ಎಂದಳು ಸಿಂಧೂರ, "ನಿಮಗೆ ಶುಗರ್ ಬಂದಾಗ ನೀವು ಮಾಲಿಬುಗೆ ಹೋದ್ರಾ, ಇನ್ಸುಲಿನ್ ತಗೊಂಡ್ರಾ?"

"ಎರಡೂ ಮಾಡ್ದೆ ಕಣಮ್ಮ."

"ಹಾಗಾದ್ರೆ ಇವನಿಗೂ ಎರಡೂ ಮಾಡಿಸೋಣ ಬಿಡಿ. ನನ್ನ ಮದುವೆ ಪಾಪ, ಅದು ಕಾಯುತ್ತೆ."

ಉಮಾಶಂಕರ ನಕ್ಕಂತೆ ಮಾಡಿದರು. ಆಮೇಲೆ ಬಂದ ಕೆಲಸ ಹೊರಬಿತ್ತು. "ಇನ್ನೊಂದು ವಿಷಯ. ತಪ್ಪು ತಿಳ್ಕೋಬೇಡಿ. ಪಾಠಶಾಲೆ ಪೇರೆಂಟ್ಸು ಸ್ವಲ್ಪ ಗಾಬರಿಯಾಗಿದಾರೆ. ಶಾಲೆ ಸುದ್ದಿ ಹೇಗೋ ಗೊತ್ತಾಗಿದೆ. ಸದ್ಯಕ್ಕೆ ವಿಕಾಸ್ ಬರೋದು ಬೇಡ. ಚಿಕ್ಕ ಮಕ್ಕಳಿರ್ತಾರೆ ನೋಡಿ."

ಕೋಣೆಯ ಬಾಗಿಲು ಮುಚ್ಚಿತ್ತು. ಆದರೆ ಗೋಡೆ ಮರದ್ದು, ಮಾತು ಆಚೆ ಹೋಗದೆ ಇರಲಾರದು. ಶೇಷಮ್ಮನ ಮೈಯೆಲ್ಲ ಉರಿಯಿತು. ಈ ಮನುಷ್ಯನ ಮಗಳಿಗೇ ವಿಕಾಸ್ ಮಡಿಲಲ್ಲಿ ಕೂರಿಸಿಕೊಂಡು ಸರಿಗಮ ಹೇಳಿಕೊಟ್ಟಿದ್ದ. ಎರಡನೇ ಲೋಟ ಕಾಫಿ ತರಲು ಎದ್ದ ಶೇಷಮ್ಮ ಅಡಿಗೆಮನೆಯಲ್ಲೇ ಉಳಿದರು. ಕಾಫಿ ಬರಲಿಲ್ಲ. ಉಮಾಶಂಕರ ಇನ್ನೂ ಸ್ವಲ್ಪ ಹೊತ್ತು ಖಾಲಿ ಲೋಟ ತಿರುಗಿಸುತ್ತಾ ಕೂತಿದ್ದು ಹೊರಟುಹೋದರು.

ಬಾಗಿಲು ಹಾಕಿದ್ದೇ ಸಿಂಧೂರ ಅಪ್ಪನ ಎದುರು ನಿಂತಳು. "ಅಪ್ಪ, ಆ ಗನ್ ಮಾರಿಬಿಡು."

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ನನ್ನ ರೂಮ್‌ಮೇಟ್ ಸ್ಯಾಂಟಿ ಊರಿನವಳು. ಟೂ ಥೌಸಂಡ್ ಒನ್‌ನಲ್ಲಿ ಅವಳ ಶಾಲೆಯಲ್ಲೇ ಒಬ್ಬ ಹುಡುಗ ಶೂಟ್ ಮಾಡಿದ್ದು. ಆರು ವರ್ಷ ಆಯ್ತು. ಈಗಲೂ ಹೋಟೆಲಿಗೆ ಹೋದ್ರೆ ಬಾಗಿಲು ಕಾಣೋ ಕಡೆ ಕೂರ್ತಾಳೆ. ಆ ಹುಡುಗನಿಗೂ ಗನ್ ಸಿಕ್ಕಿದ್ದು ಮನೇಲೇ."

"ಅಂದ್ರೆ ನನ್ನ ಮಗ ಅಂಥವನು ಅಂತೀಯಾ?"

"ಅಲ್ಲ! ಅವನು ಯಾರಿಗೂ ಏನೂ ಮಾಡಲ್ಲ. ಅವನಿಗೆ ಅವನೇ... ನೀನು ಯಾಕೆ ಅರ್ಥ ಮಾಡ್ಕೊಳ್ಳಲ್ಲ?"

ನರಹರಿಯ ದನಿ ಏರಿತು. "ನಿನಗೇನು ಗೊತ್ತು? ಮೂರು ಜನ ಕಬ್ಬಿಣದ ರಾಡ್ ಹಿಡ್ಕೊಂಡು ಒಳಗೆ ಬಂದಾಗ ನಾನು ಟಾಯ್ಲೆಟ್ ಬಾಗಿಲು ಹಾಕ್ಕೊಂಡು ನೆಲದ ಮೇಲೆ ಕೂತಿದ್ದೆ. ಐವತ್ತೆರಡು ವರ್ಷದ ಗಂಡಸು. ಬಾಯಿಗೆ ಟವೆಲ್ ತುರ್ಕೊಂಡು, ಉಸಿರು ಕೇಳಿಸಬಾರದು ಅಂತ. ಇನ್ನೊಂದು ಸಲ ಹಾಗೆ ಕೂರಲ್ಲ ನಾನು."

ಶೇಷಮ್ಮನಿಗೆ ಮಗನ ಮೇಲೆ ಕನಿಕರವೂ ಬಂತು, ಸಿಟ್ಟೂ ಬಂತು. ಎರಡರಲ್ಲಿ ಯಾವುದು ಹೆಚ್ಚು ಎಂದು ಅವರಿಗೆ ಆಗ ತಿಳಿಯಲಿಲ್ಲ.

ಮೇ ತಿಂಗಳ ಎರಡನೇ ಶುಕ್ರವಾರ ತಿಳಿಯಿತು.

ಅವತ್ತು ಬಿಸಿಲು ಚೆನ್ನಾಗಿತ್ತು. ಶೇಷಮ್ಮ ಹಿತ್ತಿಲಿನ ಸಿಮೆಂಟು ನೆಲದ ಮೇಲೆ ಹಳೆಯ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದರು. ಅರ್ಧ ಇಟ್ಟಾಗ ಹಿಟ್ಟು ಗಟ್ಟಿಯಾಯಿತೆಂದು ಬಿಸಿನೀರಿಗೆ ಒಳಗೆ ಬಂದರು. ದೇವರಮನೆಯ ಬಾಗಿಲು ತೆರೆದಿತ್ತು. ಅದು ಕೋಟು ನೇತುಹಾಕಲು ಕಟ್ಟಿದ್ದ ಕಿರುಕೋಣೆ, ಶೇಷಮ್ಮ ಬಂದ ವರ್ಷ ಹಲಗೆ ಹೊಡೆಸಿ ದೇವರಮನೆ ಮಾಡಿದ್ದು. ಒಳಗೆ ವಿಕಾಸ್ ನಿಂತಿದ್ದ. ಕಾಲಲ್ಲಿ ಶೂಸು. ಕಣ್ಣು ಮೇಲಿನ ಹಲಗೆಯ ಕರಿಯ ಪೆಟ್ಟಿಗೆಯ ಮೇಲೆ.

ಆ ಪೆಟ್ಟಿಗೆಯ ಕಥೆ ಇಷ್ಟು. ಹಿಂದಿನ ಆಯುಧಪೂಜೆಯ ದಿನ ನರಹರಿ ಶಾಪಿನಿಂದ ಡ್ರಿಲ್ಲು, ಸ್ಪ್ಯಾನರು, ಅಳತೆಯ ಸಾಮಾನು ಎಲ್ಲ ತಂದು ಮಣೆಯ ಮೇಲೆ ಜೋಡಿಸಿದ್ದ. ಜೊತೆಗೆ ಈ ಪ್ಲಾಸ್ಟಿಕ್ ಪೆಟ್ಟಿಗೆಯೂ ಇತ್ತು. ಇದೂ ಒಂದು ಡ್ರಿಲ್ಲೇ ಎಂದುಕೊಂಡು ಶೇಷಮ್ಮ ಮುಚ್ಚಳಕ್ಕೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಇಟ್ಟರು. ಪೂಜೆಗಿಟ್ಟದ್ದನ್ನು ವಿಜಯದಶಮಿಯ ತನಕ ಕದಲಿಸಬಾರದು. ಮರುದಿನ ಬೇರೆಲ್ಲ ಶಾಪಿಗೆ ಹೋದವು. ಇದು ಉಳಿಯಿತು. ಮಗ ಮರೆತಿರಬೇಕೆಂದು ಶೇಷಮ್ಮನೇ ಅದನ್ನು ದೇವರ ಮೇಲಿನ ಹಲಗೆಗೆ ಎತ್ತಿಟ್ಟರು. ನರಹರಿ ನೋಡಿಯೂ ಬೇಡವೆನ್ನಲಿಲ್ಲ. ಮಡಿಯಿಲ್ಲದೆ ಯಾರೂ ಕೈ ಹಾಕದ ಜಾಗ, ಇದಕ್ಕಿಂತ ಭದ್ರ ಇನ್ನೆಲ್ಲಿ ಎಂದುಕೊಂಡ. ಏಳು ತಿಂಗಳಿಂದ ಶೇಷಮ್ಮ ದಿನವೂ ದೇವರಿಗೇರಿಸಿ ಉಳಿದ ಒಂದು ಹೂವನ್ನು ಅದರ ಮೇಲೂ ಇಡುತ್ತಿದ್ದರು. ಮಗನ ಕಸುಬು ಚೆನ್ನಾಗಿರಲಿ ಎಂದು.

"ಶೂಸ್ ಹಾಕ್ಕೊಂಡು ದೇವರಮನೆಗೆ ಬರ್ತಾರೇನೋ?" ಎಂದರು.

ಅವನು ತಿರುಗಲಿಲ್ಲ. "ಅಜ್ಜಿ, ಆ ಬಾಕ್ಸಲ್ಲಿ ಏನಿದೆ ಗೊತ್ತಾ?"

"ನಿಮ್ಮಪ್ಪನ ಡ್ರಿಲ್ಲು."

"ನೋ ಅಜ್ಜಿ. ಗನ್."

ಶೇಷಮ್ಮ ಕೈಯ ಪಾತ್ರೆಯನ್ನು ನೆಲಕ್ಕಿಟ್ಟರು.

"ಅಪ್ಪ ನಂಗೆ ಶೂಟ್ ಮಾಡೋದು ಹೇಳ್ಕೊಟ್ಟಿದಾರೆ. ಲಾಸ್ಟ್ ಇಯರ್. ಧೈರ್ಯ ಬರುತ್ತೆ ಅಂದ್ರು." ಅವನ ಕನ್ನಡ ಎಡವುತ್ತಾ ಬರುತ್ತಿತ್ತು, ಒಂದೊಂದು ಮಾತಿಗೂ ನಿಲ್ಲುತ್ತಿತ್ತು. "ಅದಕ್ಕೆ ಲಾಕ್ ಇಲ್ಲ. ನೀನು ವಾಕ್ ಹೋದಾಗ ನಾನು ಇಲ್ಲಿ ಬಂದು ನಿಲ್ತೀನಿ. ಎವ್ರಿ ಡೇ. ಅಜ್ಜಿ, ಪ್ಲೀಸ್, ಅದನ್ನ ಮನೇಲಿ ಇಡ್ಬೇಡ. ಎಲ್ಲಾದ್ರೂ ತಗೊಂಡು ಹೋಗು. ಐ ಆಮ್ ಸ್ಕೇರ್ಡ್."

"ಎಷ್ಟು ದಿನದಿಂದ ನಿಲ್ತಿದೀಯೋ?"

"ಫೆಬ್ರವರಿ."

ಶೇಷಮ್ಮ ಅಳಲಿಲ್ಲ, ಕಿರುಚಲಿಲ್ಲ. ಸಂಡಿಗೆ ಹಿಟ್ಟು ಮೆತ್ತಿದ ಕೈಯಲ್ಲೇ ಅವನ ಮಣಿಕಟ್ಟು ಹಿಡಿದು ಹೊರಗೆ ತಂದು ಅಡಿಗೆಮನೆಯ ಕುರ್ಚಿಯಲ್ಲಿ ಕೂರಿಸಿದರು. "ಇಲ್ಲಿ, ನನ್ನ ಕಣ್ಣಿಗೆ ಕಾಣೋ ಹಾಗೆ ಕೂತ್ಕೋ," ಎಂದರು. ಆಮೇಲೆ ಹೋಗಿ ಪೆಟ್ಟಿಗೆಯನ್ನು ಕೆಳಗಿಳಿಸಿದರು. ಬೆಳಿಗ್ಗೆ ತಾವೇ ಇಟ್ಟಿದ್ದ ದಾಸವಾಳ ಉರುಳಿ ಬಿತ್ತು. ಮೈಸೂರಿನಿಂದ ತಂದ ತಮ್ಮ ಸೂಟ್‌ಕೇಸಿನಲ್ಲಿ ಅದನ್ನು ಇಟ್ಟು, ಬೀಗ ಹಾಕಿ, ಸೊಸೆಗೆ ಫೋನು ಮಾಡಿದರು. "ನೀಲಾ, ಈಗಲೇ ಹೊರಟು ಬಾ. ಹಲ್ಲಿನವರು ಕಾಯಲಿ."

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಸಂಜೆಯ ತನಕ ಕಾದರು. ನರಹರಿ ಎಣ್ಣೆ ಮೆತ್ತಿದ ಶರ್ಟಿನಲ್ಲೇ ಓಡಿಬಂದ. ಕೊರಳಿಗೆ ಆಸ್ಪತ್ರೆಯ ಗುರುತಿನ ಚೀಟಿ ನೇತುಹಾಕಿಕೊಂಡ ಹೆಂಗಸೊಬ್ಬಳು ಹಾಳೆ ಹಿಡಿದು ಒಂದೊಂದೇ ಪ್ರಶ್ನೆ ಕೇಳಿದಳು. ಗನ್ ಎಂಬ ಮಾತು ಬಂದಾಗ ಶೇಷಮ್ಮನಿಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ.

"ನೋ ಮ್ಯಾಮ್," ಎಂದ ನರಹರಿ.

"ಇದೆ ಅಪ್ಪ," ಎಂದ ಹಾಸಿಗೆಯ ಮೇಲಿದ್ದ ವಿಕಾಸ್. ಮೊದಲು ಕನ್ನಡದಲ್ಲಿ, ಅಪ್ಪನಿಗೆ. ಆಮೇಲೆ ಇಂಗ್ಲಿಷಿನಲ್ಲಿ, ಆಕೆಗೆ.

ನರಹರಿ ತಲೆ ತಗ್ಗಿಸಿದ. ಹುಡುಗನನ್ನು ಅಲ್ಲೇ ಉಳಿಸಿಕೊಂಡರು. ಕಾರಿನಲ್ಲಿ ಬರುವಾಗ ನೀಲಾ ಹಿಂದಿನ ಸೀಟಿನಿಂದ ಹಲ್ಲು ಕಚ್ಚಿ ಹೇಳಿದಳು: "ಎಂಟು ವಾರ ಕಾಯಿ ಅಂದ ಊರೇ ಇವತ್ತು ಸಂಜೆಯೊಳಗೆ ಹಾಸಿಗೆ ಕೊಡ್ತು. ಬೇಜಾರಾಗಿದೆ ಅಂದ್ರೆ ಬಾಗಿಲು ತೆಗೆಯಲ್ಲ. ಸಾಯ್ತೀನಿ ಅನ್ನಬೇಕು, ಆಗ ತೆಗೀತಾರೆ. ಅಷ್ಟರಲ್ಲಿ ಸತ್ತೇ ಹೋಗಿದ್ರೆ? ಆಗ ಮತ್ತೆ ಟಿವಿಯಲ್ಲಿ ಕೂತು ಜಗಳ ಆಡ್ತಾರೆ."

ಆರನೇ ದಿನಕ್ಕೆ ವಿಕಾಸ್ ಮನೆಗೆ ಬರುವುದೆಂದಾಯಿತು. ಮಾತ್ರೆ ಶುರುವಾಗಿತ್ತು, ವಾರಕ್ಕೊಮ್ಮೆ ನೋಡುವ ಡಾಕ್ಟರೂ ಸಿಕ್ಕಿದ್ದರು. ಮನೆಯಲ್ಲಿ ಬಂದೂಕು ಇರಕೂಡದೆಂದು ಆಸ್ಪತ್ರೆಯವರು ಖಡಾಖಂಡಿತವಾಗಿ ಹೇಳಿದ್ದರು. ಅವನು ಬರುವ ಹಿಂದಿನ ದಿನ ನೀಲಾ ಶೆರಿಫರ ಪೋಲೀಸ್ ಸ್ಟೇಷನ್ನಿಗೆ ಫೋನ್ ಮಾಡಿ, ನಾಲ್ಕು ಗಂಟೆಗೆ ಬಂದು ಅದನ್ನು ಒಯ್ಯಲು ಹೇಳಿ, ತಾನು ಮಗನ ಬಳಿ ಹೋದಳು. ಹೋಗುವ ಮುಂಚೆ ಗಂಡನಿಗೂ ಫೋನಿನಲ್ಲಿ ಹೇಳಿದಳು.

ಮೂರಕ್ಕೆಲ್ಲ ನರಹರಿ ಮನೆಯಲ್ಲಿದ್ದ.

"ಅಮ್ಮ, ಸೂಟ್‌ಕೇಸ್ ಕೀ ಕೊಡು. ಅವರು ಬರೋದರೊಳಗೆ ಅದನ್ನ ಶಾಪಿಗೆ ತಗೊಂಡು ಹೋಗ್ತೀನಿ."

"ಕೈಕಾಲು ತೊಳ್ಕೊಂಡು ಬಾ, ಊಟ ಮಾಡು."

ಅವನು ಕೂತ. ಶೇಷಮ್ಮ ಹುಳಿಯನ್ನ ಬಡಿಸಿದರು. ಎರಡು ತುತ್ತು ತಿಂದು ಅವನು ತಟ್ಟೆ ಸರಿಸಿದ. "ಪೋಲೀಸರ ಕೈಗೆ ಕೊಟ್ಟರೆ ಅದು ರೆಕಾರ್ಡ್ ಆಗುತ್ತೆ ಅಮ್ಮ. ಹುಡುಗನ ಕಾಲೇಜು, ನಾಳೆ ಕೆಲಸ, ಎಲ್ಲ ಕಡೆ ಬರುತ್ತೆ. ಶಾಪಲ್ಲಿ ಬೀರುವಿದೆ. ಬೀಗ ಹಾಕಿಡ್ತೀನಿ."

"ಶನಿವಾರ ಶನಿವಾರ ನಿನ್ನ ಜೊತೆ ಶಾಪಿಗೆ ಬರೋನು ಯಾರು?"

ನರಹರಿ ಸರಿಸಿದ್ದ ತಟ್ಟೆಯನ್ನು ಮತ್ತೆ ಎಳೆದುಕೊಂಡ.

"ಬೀಗ ಹಾಕೋನು ಏಳು ತಿಂಗಳು ಯಾಕೆ ಹಾಕಲಿಲ್ಲ? ಸುಳ್ಳು ಹೇಳೋವಾಗ ಎರಡು ಸಲ ನಾಲಿಗೆ ತೊದಲಲಿಲ್ಲ ನಿಂಗೆ. ಒಂದು ಸಲ ಶಾಲೇಲಿ, ಒಂದು ಸಲ ಮಗ ಮಲಗಿದ್ದ ಹಾಸಿಗೆ ಪಕ್ಕ."

"ನಾನೇನು ಅವನಿಗೆ ಕೆಟ್ಟದು ಬಯಸಿದ್ನಾ? ಪೂಜೆ ಮಾಡಿದ್ದು ನೀನು, ಅಲ್ಲಿ ಎತ್ತಿಟ್ಟಿದ್ದೂ ನೀನೇ. ನಮ್ಮ ದೇವರ ಕೈಯಲ್ಲೆಲ್ಲ ಆಯುಧ ಇಲ್ವಾ?"

"ಇದೆಯಪ್ಪ. ಆ ದೇವರ ಮನೇಲಿ ಊಟ ಬಿಟ್ಟು ಕೂತ ಮಗ ಇಲ್ಲ." ಶೇಷಮ್ಮ ಪಾತ್ರೆಗೆ ಮುಚ್ಚಳ ಹಾಕಿ ಕುರ್ಚಿಯಲ್ಲಿ ಕೂತರು. "ಹೂವಿಟ್ಟವಳು ನಾನೇ. ನಾನು ಅದರ ಮೇಲೆ ಹೂವಿಡ್ತಾ ಇದ್ದೆ, ನಾನು ಆಚೆ ಹೋದ ಕೂಡಲೇ ಆ ಮಗು ಅದರ ಮುಂದೆ ನಿಲ್ತಾ ಇತ್ತು. ಆ ಪಾಪ ನಂದು, ನಾನು ಹೊರ್ತೀನಿ. ನಿನ್ನ ಪಾಪ ನೀನು ನೋಡ್ಕೋ."

ನರಹರಿ ಎದ್ದು ಬಂದು ತಾಯಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತ. ಕಣ್ಣು ಕೆಂಪಾಗಿತ್ತು. "ಆ ಶಾಪಿನ ಬಾಗಿಲು ದಿನಾ ಬೆಳಿಗ್ಗೆ ತೆಗೆಯೋವಾಗ ಕೈ ನಡುಗುತ್ತೆ ಅಮ್ಮ. ಯಾರಿಗೂ ಹೇಳಿಲ್ಲ. ಅದೊಂದು ಇದೆ ಅಂತ ಇದ್ದರೆ ಸ್ವಲ್ಪ ಧೈರ್ಯ. ಇಷ್ಟು ವರ್ಷದಲ್ಲಿ ನಾನು ನಿನ್ನ ಹತ್ರ ಏನಾದ್ರೂ ಕೇಳಿದೀನಾ?"

"ಹಾಗಾದ್ರೆ ನೀನೂ ಆ ಡಾಕ್ಟರ ಹತ್ರ ಹೋಗು," ಎಂದರು ಶೇಷಮ್ಮ. "ಮಗನ ಜೊತೆಗೇ ಹೋಗು. ನಡುಗೋ ಕೈಗೆ ಅವರೇ ಔಷಧಿ ಕೊಡ್ತಾರೆ."

ಮಗ ಎರಡನೇ ಸಲ ತುಪ್ಪ ಕೇಳಿದಾಗಲೂ ಇಲ್ಲವೆಂದ ಕೈಯಲ್ಲ ಶೇಷಮ್ಮನದು. ಅವನಿಗೂ ಗೊತ್ತಿತ್ತು. ಹೊರಗೆ ಕಾರೊಂದು ನಿಧಾನವಾಗಿ ಬಂದು ನಿಂತು, ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ನರಹರಿ ಕಿಟಕಿಯ ಕಡೆ ನೋಡಿ, ಅಂಗೈ ಚಾಚಿದ.

"ಅಮ್ಮ, ಬಂದ್ರು. ನಿನ್ನ ದಮ್ಮಯ್ಯ, ಕೀ ಕೊಡು."

"ಕೊಡಲ್ಲ," ಎಂದರು ಶೇಷಮ್ಮ.